ಹೊಸ ರೇಡಿಯೇಟರ್, ಹಳೆಯ ಕೊಳೆ: ವಾಟರ್ ಕೂಲಿಂಗ್‌ಗೆ ಜೋಡಿಸುವ ಮುನ್ನ ರೇಡಿಯೇಟರ್ ತೊಳೆಯುವ ಸಮಗ್ರ ಮಾರ್ಗದರ್ಶಿ

ಕಂಪ್ಯೂಟರಿನ ವಾಟರ್ ಕೂಲಿಂಗ್‌ಗೆ ಬೇಕಾಗುವ ಭಾಗಗಳಲ್ಲಿ ಡಬ್ಬಿ ಬಿಚ್ಚಿದ ಕೂಡಲೇ ಜೋಡಿಸಬಾರದ ಭಾಗ ಒಂದೇ: ಬಿಸಿಯಾದ ನೀರನ್ನು ಗಾಳಿಯಿಂದ ತಣಿಸುವ ರೇಡಿಯೇಟರ್. ಪಂಪು, ಬ್ಲಾಕು, ಫಿಟ್ಟಿಂಗುಗಳು ಯಂತ್ರದಲ್ಲಿ ಕೊರೆದು ತೊಳೆದು ಬಂದಿರುತ್ತವೆ. ರೇಡಿಯೇಟರ್ ಹಾಗಲ್ಲ. ತೆಳುವಾದ ಚಪ್ಪಟೆ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ, ನಡುನಡುವೆ ತಾಮ್ರದ ತೆಳು ಹಾಳೆಗಳಾದ ಫಿನ್‌ಗಳನ್ನು ಇಟ್ಟು, ಎರಡು ತುದಿಗೂ ತೊಟ್ಟಿ ಕೂರಿಸಿ, ಎಲ್ಲವನ್ನೂ ಬೆಸುಗೆಯಿಂದ ಒಂದಾಗಿಸುತ್ತಾರೆ. ಬೆಸುಗೆ ಸರಿಯಾಗಿ ಹರಿದು ಹಿಡಿಯಲು ಫ್ಲಕ್ಸ್ ಬೇಕು. ಕೆಲಸ ಮುಗಿದ ಮೇಲೆ ಆ ಫ್ಲಕ್ಸ್‌ನ ಒಂದಷ್ಟು ಭಾಗ ಒಳಗೇ ಉಳಿಯುತ್ತದೆ. ಜೊತೆಗೆ ಬೆಸುಗೆಯ ಸಣ್ಣ ಗುಂಡುಗಳು, ಲೋಹದ ಚೂರುಗಳು, ನೀರು ಹೋಗಿಬರುವ ಪೋರ್ಟಿನ ಬಾಯಿಗೆ ಅಂಟಿದ ಬಣ್ಣದ ಸಿಪ್ಪೆ. ಕೆಲವು ತಯಾರಕರು ಕಾರ್ಖಾನೆಯಲ್ಲೇ ಚೆನ್ನಾಗಿ ತೊಳೆದು ಕಳುಹಿಸುತ್ತಾರೆ, ಕೆಲವರು ಕೈತೊಳೆದುಕೊಳ್ಳುತ್ತಾರೆ. ಯಾವುದು ನಿಮ್ಮ ಕೈಗೆ ಬಂದಿದೆ ಎಂಬುದು ತೊಳೆದ ಮೇಲೆಯೇ ತಿಳಿಯುವುದು.

ಈ ಕೊಳೆ ಮಾಡುವ ಹಾನಿ ಎರಡು ಬಗೆಯದು. ಚೂರುಗಳು ನೀರಿನೊಂದಿಗೆ ಹರಿದು, ಪ್ರೊಸೆಸರಿನ ಮೇಲೆ ಕೂತು ಅದರ ಶಾಖವನ್ನು ನೀರಿಗೆ ದಾಟಿಸುವ ಬ್ಲಾಕಿಗೆ ಹೋಗಿ ನಿಲ್ಲುತ್ತವೆ. ಬ್ಲಾಕಿನ ತಳದಲ್ಲಿ ತಾಮ್ರವನ್ನು ಗೀರಿ ಮಾಡಿದ ಸಂದುಗಳು ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ನೀರು ಸುತ್ತುವ ಇಡೀ ದಾರಿಯಲ್ಲಿ, ಅಂದರೆ ಲೂಪ್‌ನಲ್ಲಿ, ಅದಕ್ಕಿಂತ ಇಕ್ಕಟ್ಟಾದ ಜಾಗ ಇನ್ನೊಂದಿಲ್ಲ, ಹಾಗಾಗಿ ನಿಮಗೆ ಗೊತ್ತಿಲ್ಲದೆಯೇ ಅದೊಂದು ಜರಡಿಯಾಗುತ್ತದೆ. ಫ್ಲಕ್ಸ್‌ನ ಕಥೆ ಬೇರೆ. ಅದು ನಿಧಾನವಾಗಿ ಕರಗಿ ಲೂಪ್‌ನಲ್ಲಿ ಹರಿಯುವ ದ್ರವದ, ಅಂದರೆ ಕೂಲೆಂಟಿನ, ರಾಸಾಯನಿಕ ಸಮತೋಲವನ್ನೇ ಕೆಡಿಸುತ್ತದೆ. ಹಾಲಿನಂತೆ ಕಾಣುವ ಪ್ಯಾಸ್ಟೆಲ್ ಕೂಲೆಂಟುಗಳಲ್ಲಿ ಬಣ್ಣದ ಕಣಗಳು ನೀರಿನಲ್ಲಿ ತೇಲಿಕೊಂಡಿರುತ್ತವೆ. ಸಮತೋಲ ತಪ್ಪಿದರೆ ಅವು ಗುಂಪುಗೂಡಿ ಕೆಳಗೆ ಕೂರುತ್ತವೆ, ಟ್ಯೂಬಿನ ಒಳಮೈಗೆ ಲೋಳೆಯಂತೆ ಮೆತ್ತಿಕೊಳ್ಳುತ್ತವೆ. ಆಮೇಲೆ ಜನ ಕೂಲೆಂಟ್ ಕಂಪನಿಯನ್ನು ಬೈಯುತ್ತಾರೆ.

ತಾಮ್ರವೋ, ಅಲ್ಯೂಮಿನಿಯಮ್ಮೋ?

ಬಕೆಟ್ಟಿಗೆ ಕೈ ಹಾಕುವ ಮೊದಲು ಇದು ಇತ್ಯರ್ಥವಾಗಬೇಕು. ಹಾರ್ಡ್‌ವೇರ್ ಲ್ಯಾಬ್ಸ್‌ನ ಬ್ಲ್ಯಾಕ್ ಐಸ್, ಆಲ್ಫಾಕೂಲ್‌ನ ನೆಕ್ಸೋಸ್ ಮುಂತಾದ ಬಿಡಿ ರೇಡಿಯೇಟರುಗಳು ತಾಮ್ರ ಮತ್ತು ಹಿತ್ತಾಳೆಯವು. ಎಲ್ಲವನ್ನೂ ಸೇರಿಸಿಯೇ ಮಾರುವ ಆಲ್-ಇನ್-ಒನ್ ಕೂಲರುಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ. ಅವುಗಳನ್ನು ಬಿಚ್ಚುವ ಪ್ರಶ್ನೆಯೇ ಇಲ್ಲ, ಈ ಬರಹವೂ ಅವುಗಳಿಗಲ್ಲ. ಆದರೆ ಬಿಡಿ ಭಾಗಗಳಲ್ಲೂ ಅಲ್ಯೂಮಿನಿಯಂ ಬಂದಿದ್ದುಂಟು. ಇಕೆ ಕಂಪನಿ 2017ರಲ್ಲಿ ತಂದ ಫ್ಲೂಯಿಡ್ ಗೇಮಿಂಗ್ ಸರಣಿ ಪೂರ್ತಿ ಅಲ್ಯೂಮಿನಿಯಮ್ಮಿನದು. ಅಂಥದ್ದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಕ್ಕರೆ ಅದನ್ನು ತಾಮ್ರದ ಬ್ಲಾಕಿನ ಜೊತೆ ಒಂದೇ ಲೂಪ್‌ಗೆ ಸೇರಿಸಬೇಡಿ. ಎರಡು ಲೋಹಗಳ ನಡುವೆ ಬ್ಯಾಟರಿಯಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆಯುತ್ತದೆ.

ಆಯಸ್ಕಾಂತ ಹಿಡಿದು ಪರೀಕ್ಷಿಸುವವರಿದ್ದಾರೆ. ತಾಮ್ರವೂ ಅಂಟದು, ಅಲ್ಯೂಮಿನಿಯಮ್ಮೂ ಅಂಟದು, ಪರೀಕ್ಷೆ ವ್ಯರ್ಥ. ತಯಾರಕರ ವಿವರಪಟ್ಟಿ ನೋಡಿ. ಅದು ಸಿಗದಿದ್ದರೆ ಮೂಲೆಯ ಒಂದು ಫಿನ್‌ನ ಅಂಚಿನಲ್ಲಿ ಬಣ್ಣವನ್ನು ಉಗುರಿನಷ್ಟು ಕೆರೆದು ನೋಡಿ. ಕೆಂಪು ಕಂಡರೆ ತಾಮ್ರ. ಅಲ್ಯೂಮಿನಿಯಂ ಆಗಿದ್ದರೆ ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಾಡಿ ಬಿಟ್ಟುಬಿಡಿ. ಮುಂದೆ ಹೇಳುವ ಆಮ್ಲವೂ ಬೇಡ, ಸೋಡಾವೂ ಬೇಡ.

ಹೊಂದಿಸಿಕೊಳ್ಳಬೇಕಾದವು

ಪೋರ್ಟ್ ಮುಚ್ಚಲು ಜಿ 1/4 ತಿರುಪು ಅಳತೆಯ ಸ್ಟಾಪ್ ಪ್ಲಗ್‌ಗಳು, ಪೋರ್ಟುಗಳೆಷ್ಟಿವೆಯೋ ಅಷ್ಟು. ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಟೊಪ್ಪಿಗಳು ನೀರು ತಡೆಯುವುದಿಲ್ಲ. ಒಂದು ಬಿಳಿಯ ಅಥವಾ ತಿಳಿ ಬಣ್ಣದ ಬಕೆಟ್, ಸಣ್ಣ ಲಾಳಿಕೆ, ಕೈಗವಸು, ಕಣ್ಣಿಗೆ ಕನ್ನಡಕ, ತೆಳುವಾದ ಬಿಳಿ ಬಟ್ಟೆ. ಹಳೆಯ ಪಂಚೆಯ ತುಂಡಾದರೂ ಸರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು. ತೊಳೆಯುವ ಮೊದಲೇ ಒಣ ರೇಡಿಯೇಟರನ್ನು ತೂಗಿ ಬರೆದಿಡಿ, ಯಾಕೆಂದು ಮುಂದೆ ಹೇಳುತ್ತೇನೆ.

ಡಿಸ್ಟಿಲ್ಡ್ ವಾಟರ್ ಐದು ಲೀಟರ್ ಇರಲಿ, ಎರಡು ರೇಡಿಯೇಟರ್ ಇದ್ದರೆ ಹತ್ತು. ನಮ್ಮಲ್ಲಿ ಇದು ಸಿಗುವುದು ಬ್ಯಾಟರಿ ಅಂಗಡಿಗಳಲ್ಲಿ. ಅದೇ ಅಂಗಡಿಯಲ್ಲಿ, ಅಂಥದ್ದೇ ಕ್ಯಾನಿನಲ್ಲಿ, ಬ್ಯಾಟರಿಗೆ ಹಾಕುವ ಗಂಧಕಾಮ್ಲವನ್ನೂ ಮಾರುತ್ತಾರೆ. ಚೀಟಿ ಓದಿ, ಕೇಳಿ, ಸೀಲ್ ಒಡೆಯದ ಕ್ಯಾನನ್ನೇ ತನ್ನಿ. ‘ಬ್ಯಾಟರಿ ನೀರು’ ಎಂದು ಕೊಡುವುದರಲ್ಲಿ ಬಹಳಷ್ಟು ಭಟ್ಟಿ ಇಳಿಸಿದ ನೀರಲ್ಲ, ಲವಣ ತೆಗೆದ ಡಿಮಿನರಲೈಸ್ಡ್ ನೀರು. ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ. ಮನೆಯ ಆರ್‌ಒ ಯಂತ್ರದ ನೀರು ಮಾತ್ರ ಅದಕ್ಕೆ ಸಾಟಿಯಲ್ಲ. ಕುಡಿಯಲು ರುಚಿಯಿರಲೆಂದು ಅದರಲ್ಲಿ ಒಂದಿಷ್ಟು ಲವಣವನ್ನು ಉಳಿಸಿರುತ್ತಾರೆ ಅಥವಾ ಮತ್ತೆ ಸೇರಿಸಿರುತ್ತಾರೆ. ನಡುವಿನ ಹಂತಗಳಲ್ಲಿ ಬಳಸಬಹುದು, ಕೊನೆಯದರಲ್ಲಿ ಬೇಡ.

ನಲ್ಲಿ ನೀರಿನ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯವರು ಮೊದಲ ತೊಳೆತಕ್ಕೆ ಯೋಚಿಸಬೇಕಿಲ್ಲ. ಬೋರ್‌ವೆಲ್ ನೀರಿನವರು ತಮ್ಮ ಗೀಸರಿನ ಕಾಯಿಲ್ ನೆನಪಿಸಿಕೊಳ್ಳಲಿ. ಗಡಸು ನೀರು ಕಾದಾಗ ಸುಣ್ಣದ ಪದರ ಬಿಡುತ್ತದೆ, ರೇಡಿಯೇಟರ್ ಒಳಗೂ ಅದೇ ಆಗುತ್ತದೆ. ನಿಮ್ಮದು ಅಂಥ ನೀರಾದರೆ ತಣ್ಣೀರಿನ ಮೊದಲ ಹಂತಕ್ಕಷ್ಟೇ ಅದನ್ನು ಬಳಸಿ, ಬಿಸಿನೀರಿನ ಹಂತಕ್ಕೆ ಆರ್‌ಒ ನೀರನ್ನು ಕಾಯಿಸಿಕೊಳ್ಳಿ.

ಹಂತ 1: ಒಣಗಿದ್ದಾಗಲೇ ನೋಡುವುದು

ಎಲ್ಲ ಟೊಪ್ಪಿಗಳನ್ನೂ ತೆಗೆದು ಟಾರ್ಚ್ ಬೆಳಕಿನಲ್ಲಿ ಪೋರ್ಟಿನೊಳಗೆ ಇಣುಕಿ. ಹೊಳೆಯುವ ಹಿತ್ತಾಳೆಯ ಮೇಲೆ ಕಂದುಬಣ್ಣದ ಜಿಗುಟು ಕಲೆ ಅಥವಾ ಬಿಳಿಯ ಪುಡಿ ಕಂಡರೆ ಅದು ಫ್ಲಕ್ಸ್. ರೇಡಿಯೇಟರನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲನೆ ಓಲಾಡಿಸಿ. ಗಿಲಿಗಿಲಿ ಸದ್ದು ಬಂದರೆ ಬೆಸುಗೆಯ ಗುಂಡುಗಳಿವೆ. ಪೋರ್ಟು ಕೆಳಗೆ ಮಾಡಿ ಅಂಗೈಯಿಂದ ತಟ್ಟಿದರೆ ಕೆಲವು ಆಗಲೇ ಉದುರುತ್ತವೆ. ನೀರು ಹಾಕಿದ ಮೇಲೆ ಅವು ಕೊಳೆಗೆ ಅಂಟಿಕೊಳ್ಳುವುದರಿಂದ ಒಣಗಿದ್ದಾಗ ತೆಗೆಯುವುದೇ ಸುಲಭ.

ಪೋರ್ಟಿನ ತಿರುಪು ಗೀರುಗಳಲ್ಲಿ ಬಣ್ಣ ತುಂಬಿಕೊಂಡಿದೆಯೇ ನೋಡಿ. ಒಂದು ಫಿಟ್ಟಿಂಗನ್ನು ಕೈಯಿಂದಲೇ ತಿರುಗಿಸಿ ಹಾಕಿ ತೆಗೆದರೆ ಸಡಿಲ ಬಣ್ಣ ಉದುರುತ್ತದೆ. ಇದನ್ನೂ ತೊಳೆಯುವ ಮೊದಲೇ ಮಾಡಬೇಕು. ಆಮೇಲೆ ಮಾಡಿದರೆ ತೊಳೆದ ಮನೆಯೊಳಗೆ ಕಸ ಸುರಿದಂತೆ. ಫ್ಯಾನಿನ ಸ್ಕ್ರೂಗಳನ್ನೂ ಈಗಲೇ ಅಳೆದು ನೋಡಿ. ಕೆಲವು ರೇಡಿಯೇಟರುಗಳಲ್ಲಿ ಸ್ಕ್ರೂ ತೂತಿನ ನೇರಕ್ಕೇ ನೀರಿನ ಕೊಳವೆ ಇರುತ್ತದೆ. ಸ್ಕ್ರೂ ಉದ್ದವಾದರೆ ನೇರ ಕೊಳವೆಯನ್ನೇ ತೂತು ಮಾಡುತ್ತದೆ. ಅಷ್ಟೆಲ್ಲ ತೊಳೆದ ಮೇಲೆ ಹಾಗಾದರೆ ಅಳುವುದೊಂದೇ ಬಾಕಿ.

ಹಂತ 2: ತಣ್ಣೀರು

ನಲ್ಲಿಯಿಂದ ಒಂದು ಪೋರ್ಟಿಗೆ ನೀರು ಬಿಟ್ಟು ಇನ್ನೊಂದರಿಂದ ಹರಿಯಲು ಬಿಡಿ. ಕೆಲವು ನಿಮಿಷದ ನಂತರ ದಿಕ್ಕು ಬದಲಿಸಿ. ರೇಡಿಯೇಟರಿನ ಒಳದಾರಿ ಗೊತ್ತಿದ್ದರೆ ಇದು ಯಾಕೆಂದು ತಿಳಿಯುತ್ತದೆ. ಪೋರ್ಟಿರುವ ತುದಿಯ ತೊಟ್ಟಿಯ ನಡುವೆ ಒಂದು ಅಡ್ಡಗೋಡೆಯಿರುತ್ತದೆ. ನೀರು ಅರ್ಧದಷ್ಟು ಕೊಳವೆಗಳಲ್ಲಿ ಇನ್ನೊಂದು ತುದಿಗೆ ಹೋಗಿ, ಅಲ್ಲಿನ ತೊಟ್ಟಿಯಲ್ಲಿ ತಿರುಗಿ, ಉಳಿದರ್ಧ ಕೊಳವೆಗಳಲ್ಲಿ ವಾಪಸು ಬರುತ್ತದೆ. ಭಾರದ ಚೂರುಗಳು ಆ ದೂರದ ತೊಟ್ಟಿಯ ಮೂಲೆಯಲ್ಲಿ ಕೂತುಬಿಡುತ್ತವೆ. ಅಲ್ಲೊಂದು ಹೆಚ್ಚುವರಿ ಪೋರ್ಟ್ ಇದ್ದರೆ ಅದೃಷ್ಟ. ಅದನ್ನು ತೆರೆದು ಅಲ್ಲಿಂದಲೇ ನೀರು ಹೊರಬಿಡಿ. ಇಲ್ಲದಿದ್ದರೆ ಅಲುಗಾಡಿಸಿಯೇ ಹೊರತರಬೇಕು.

ಹಂತ 3: ಬಿಸಿನೀರು ಮತ್ತು ರಟ್ಟೆ

ಮುಕ್ಕಾಲು ಪಾಲು ಕೊಳೆ ಹೋಗುವುದು ಇಲ್ಲಿ. ಬಾಟಲಿಯಲ್ಲಿ ಬರುವ ಯಾವ ದ್ರಾವಣಕ್ಕಿಂತಲೂ ಈ ಹಂತದಲ್ಲಿ ನನಗೆ ಹೆಚ್ಚು ನಂಬಿಕೆ.

ನೀರು ಕುದಿಯಬೇಕಿಲ್ಲ, 60–70 ಡಿಗ್ರಿ ಸಾಕು. ಲಾಳಿಕೆಯಿಂದ ಅರ್ಧದಷ್ಟು ಮಾತ್ರ ತುಂಬಿ. ಪೂರ್ತಿ ತುಂಬಿದರೆ ನೀರು ಒಳಗೆ ಕುಲುಕಾಡುವುದಿಲ್ಲ, ತೊಳೆಯುವುದು ಆ ಕುಲುಕಾಟವೇ. ತುಂಬಿದ ಮೇಲೆ ಅರ್ಧ ನಿಮಿಷ ಬಾಯಿ ತೆರೆದೇ ಇಡಿ. ಒಳಗಿನ ಗಾಳಿ ಕಾದು ಹಿಗ್ಗಲಿ, ಆಮೇಲೆ ಪ್ಲಗ್ ಹಾಕಿ. ತಕ್ಷಣ ಮುಚ್ಚಿದರೆ ಒತ್ತಡ ಕಟ್ಟಿಕೊಂಡು, ಪ್ಲಗ್ ಬಿಚ್ಚುವಾಗ ಬಿಸಿನೀರು ಮುಖಕ್ಕೇ ಚಿಮ್ಮುತ್ತದೆ. ತಾಮ್ರ ಕ್ಷಣದಲ್ಲಿ ಕಾಯುವುದರಿಂದ ಕೈಗವಸಿನ ಮೇಲೊಂದು ಟವೆಲ್ ಸುತ್ತಿಕೊಳ್ಳಿ. ಫಿನ್‌ಗಳನ್ನು ಹಿಡಿಯಬೇಡಿ, ಬೆರಳಿನ ಒತ್ತಡಕ್ಕೇ ಅವು ಬಾಗುತ್ತವೆ. ಎರಡೂ ಬದಿಯ ಚೌಕಟ್ಟನ್ನು ಹಿಡಿಯಿರಿ.

ಉದ್ದಕ್ಕೆ, ಅಡ್ಡಕ್ಕೆ, ತಲೆಕೆಳಗಾಗಿ, ಎರಡು ಮೂರು ನಿಮಿಷ ಜೋರಾಗಿ ಕುಲುಕಿ. ಒಂದು ಪ್ಲಗ್ಗನ್ನು ನಿಧಾನಕ್ಕೆ ಸಡಿಲಿಸಿ ಗಾಳಿ ಹೋಗಲು ಬಿಟ್ಟು, ಕುಲುಕಾಟ ನಿಲ್ಲುವ ಮೊದಲೇ ಬಕೆಟ್ಟಿನ ಮೇಲೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಸುರಿಯಿರಿ. ತಡ ಮಾಡಿದರೆ ಚೂರುಗಳು ಮತ್ತೆ ತಳ ಸೇರುತ್ತವೆ.

ಈಗ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೊದಲ ಸಲ ಸಾಮಾನ್ಯವಾಗಿ ಕಾಣುವುದು: ಸಾಸಿವೆಗಿಂತ ಚಿಕ್ಕದಾದ, ಉಗುರಿನಿಂದ ಒತ್ತಿದರೆ ಚಪ್ಪಟೆಯಾಗುವ ಬೂದು ಗುಂಡುಗಳು, ಅದು ಬೆಸುಗೆ. ಎಳೆಯಂತೆ ಮಿನುಗುವುದು ತಿರುಪು ಕೊರೆದಾಗ ಬಿದ್ದ ಹಿತ್ತಾಳೆ. ಕಪ್ಪು ಸಿಪ್ಪೆ ಬಣ್ಣದ್ದು. ಬಟ್ಟೆಯ ಮೇಲೆ ಹಳದಿ ಅಥವಾ ಕಂದು ವರ್ತುಲ ಮೂಡಿ, ಮುಟ್ಟಿದರೆ ಸ್ವಲ್ಪ ಅಂಟಿದರೆ ಅದು ಫ್ಲಕ್ಸ್. ಬಕೆಟ್ಟಿನ ನೀರು ತಿಳಿ ನೀಲಿಹಸಿರಾಗಿದ್ದರೆ ಆಮ್ಲೀಯ ಫ್ಲಕ್ಸ್ ತಾಮ್ರವನ್ನು ಆಗಲೇ ಕರಗಿಸತೊಡಗಿದೆ ಎಂದು ತಿಳಿಯಿರಿ. ಅಂಥ ರೇಡಿಯೇಟರಿಗೆ ಹೆಚ್ಚು ಸುತ್ತು ಬೇಕು.

ಎಷ್ಟು ಸಲ ಮಾಡಬೇಕು? ಇದಕ್ಕೆ ಅಂಕಿ ಹೇಳುವವರನ್ನು ನಂಬಬೇಡಿ. ಪ್ರತಿ ಸಲ ಬಟ್ಟೆಯ ಹೊಸ ಭಾಗವನ್ನು ಬಳಸಿ. ಸತತ ಎರಡು ಸುತ್ತಿನಲ್ಲಿ ಬಟ್ಟೆ ಬಿಳಿಯಾಗಿಯೇ ಉಳಿದಾಗ ನಿಲ್ಲಿಸಿ.

ಮೂರು ಫ್ಯಾನಿನ 360 ಮಿಮೀ ರೇಡಿಯೇಟರ್ ಕುಲುಕಿ ರಟ್ಟೆ ಸೋತರೆ ಮೀನಿನ ತೊಟ್ಟಿಯ ಸಣ್ಣ ಪಂಪಿನಿಂದ ಬಕೆಟ್ಟಿನ ಬೆಚ್ಚನೆಯ ನೀರನ್ನು ಗಂಟೆಗಟ್ಟಲೆ ಸುತ್ತಿಸಬಹುದು. ಹೊರಬರುವ ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ. ಲೂಪ್‌ಗೆಂದು ತಂದ ಒಳ್ಳೆಯ ಪಂಪನ್ನು ಈ ಕೆಲಸಕ್ಕೆ ಹಚ್ಚಬೇಡಿ, ಚೂರು ಸಿಕ್ಕಿಕೊಂಡರೆ ಅದರ ಆಯುಸ್ಸು ಮುಗಿದಂತೆ. ಹಾಗೆಂದು ಪಂಪು ಕುಲುಕಾಟಕ್ಕೆ ಬದಲಿಯಲ್ಲ. ಅದರ ಸಮನಾದ ಹರಿವಿನಲ್ಲಿ ಮೂಲೆಯ ಗುಂಡುಗಳು ಅಲುಗುವುದೇ ಇಲ್ಲ.

ಹಂತ 4: ಆಮ್ಲ, ಬೇಕಿದ್ದರೆ ಮಾತ್ರ

ಬಟ್ಟೆ ಬಿಳಿಯಾಗಿ ಬಂದು, ಪೋರ್ಟಿನೊಳಗೆ ಲೋಹ ಹೊಳೆಯುತ್ತಿದ್ದು, ನೀವು ಹಾಕಲಿರುವುದು ಬಣ್ಣವಿಲ್ಲದ ಕೂಲೆಂಟ್ ಆಗಿದ್ದರೆ ಈ ಹಂತವನ್ನು ಬಿಟ್ಟುಬಿಡಿ. ಪ್ಯಾಸ್ಟೆಲ್ ಹಾಕುವವರು ಮತ್ತು ಇನ್ನೂ ಕಂದು ಕಲೆ ಕಾಣುತ್ತಿರುವವರು ಮುಂದೆ ಓದಿ.

ಹಣ ಖರ್ಚು ಮಾಡಬಲ್ಲವರಿಗೆ ಇದಕ್ಕೆಂದೇ ತಯಾರಾದ ದ್ರಾವಣಗಳಿವೆ. ಬ್ರಿಟನ್ನಿನ ಮೇಹೆಮ್ಸ್ ಕಂಪನಿಯ ಬ್ಲಿಟ್ಜ್ ಎರಡು ಭಾಗಗಳಲ್ಲಿ ಬರುತ್ತದೆ. ಮೊದಲನೆಯದು ಆಮ್ಲ, ರೇಡಿಯೇಟರ್ ಒಂದರಲ್ಲೇ ಹಾಕಿ ತೊಳೆಯಬೇಕಾದದ್ದು. ಎರಡನೆಯದು ಜೋಡಿಸಿದ ಇಡೀ ಲೂಪ್‌ನಲ್ಲಿ ಓಡಿಸುವುದು. ಮೊದಲನೆಯದನ್ನು ಲೂಪ್‌ಗೆ ಹಾಕಿದರೆ ಬ್ಲಾಕಿನ ನಿಕಲ್ ಲೇಪ ಕೆಡುತ್ತದೆ. ಅಳತೆ, ಸಮಯ ಎರಡಕ್ಕೂ ಬಾಟಲಿಯ ಮೇಲಿನ ಸೂಚನೆಯೇ ಪ್ರಮಾಣ.

ಮನೆಮದ್ದು ಎಂದರೆ ವಿನೆಗರ್ ಅಥವಾ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕುವ ಮನೆಗಳಿಗೆ ಈ ತತ್ವ ಹೊಸದೇನಲ್ಲ: ದುರ್ಬಲ ಆಮ್ಲ ಲೋಹದ ಮೇಲಿನ ಆಕ್ಸೈಡನ್ನು ಕರಗಿಸುತ್ತದೆ. ಬಣ್ಣವಿಲ್ಲದ ವಿನೆಗರನ್ನೇ ಆರಿಸಿ. ಸೇಬಿನದು, ಕಂದುಬಣ್ಣದ್ದು ಬೇಡ, ಅವುಗಳಲ್ಲಿ ಬೇರೆ ಪದಾರ್ಥಗಳಿರುತ್ತವೆ. ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ಬಿಸಿನೀರು. ನಿಂಬೆ ಉಪ್ಪಾದರೆ ಅರ್ಧ ಲೀಟರಿಗೆ ಒಂದು ಚಹಾ ಚಮಚ. ತುಂಬಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ನಡುವೆ ಒಂದೆರಡು ಬಾರಿ ಅಲುಗಾಡಿಸಿ, ಹೊರಚೆಲ್ಲಿ.

ರಾತ್ರಿಯಿಡೀ ನೆನೆಸಿಡುವ ಸಲಹೆ ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಆಮ್ಲ ಹೆಚ್ಚು ಹೊತ್ತು ನಿಂತರೆ ಸತು ಮೊದಲು ಕರಗಿ ತಾಮ್ರದ ಬೆಂಡು ಉಳಿಯುತ್ತದೆ. ಪೋರ್ಟಿನೊಳಗೆ ಹಳದಿ ಇರಬೇಕಾದ ಲೋಹ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದೇ ಗುರುತು. ಬೆಸುಗೆಯನ್ನೂ ಆಮ್ಲ ಬಿಡುವುದಿಲ್ಲ. ಕೊಳೆ ತೆಗೆಯಲು ಹೋಗಿ ಕೀಲನ್ನೇ ಸಡಿಲ ಮಾಡಿಕೊಳ್ಳಬಾರದು.

ವಿನೆಗರಿಗೂ ಜಗ್ಗದ ಜಿಗುಟು ಅಂಟು ರಾಳದ ಫ್ಲಕ್ಸ್ ಆಗಿರಬಹುದು. ಅದು ನೀರಿಗೂ ಆಮ್ಲಕ್ಕೂ ಕರಗುವುದಿಲ್ಲ, ಐಸೊಪ್ರೊಪೈಲ್ ಆಲ್ಕೊಹಾಲಿಗೆ ಕರಗುತ್ತದೆ. ರೇಡಿಯೇಟರನ್ನು ಪೂರ್ತಿ ತಣಿಸಿ, ಕಿಟಕಿ ತೆರೆದು, ಒಲೆ ಮತ್ತು ದೀಪದಿಂದ ದೂರದಲ್ಲಿ, ಒಂದು ಲೋಟದಷ್ಟು ಹಾಕಿ ಆಡಿಸಿ ಚೆಲ್ಲಿ. ಅದರ ಆವಿ ಬೆಂಕಿ ಹಿಡಿಯುತ್ತದೆ ಎಂಬುದು ನೆನಪಿರಲಿ. ಅಕ್ರಿಲಿಕ್ ತೊಟ್ಟಿಯ ರೇಡಿಯೇಟರಾದರೆ ಇದನ್ನು ಹಾಕಲೇಬೇಡಿ, ಬಿರುಕು ಬಿಡುತ್ತದೆ.

ಶೌಚಾಲಯ ತೊಳೆಯುವ ಆಸಿಡ್ ಹೈಡ್ರೋಕ್ಲೋರಿಕ್ ಆಮ್ಲ. ಅದು ಕೊಳೆಯ ಜೊತೆ ಕೊಳವೆಯನ್ನೂ ತಿನ್ನುತ್ತದೆ. ಬ್ಲೀಚ್ ಬೇಡ, ಆಮ್ಲದ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಪಾತ್ರೆ ತೊಳೆಯುವ ದ್ರವದ ನೊರೆ ಹತ್ತು ಸಲ ಜಾಲಾಡಿದರೂ ಹೋಗದೆ ಕೊನೆಗೆ ಕೂಲೆಂಟ್ ತುಂಬುವ ತೊಟ್ಟಿಯಲ್ಲಿ, ಅಂದರೆ ರಿಸರ್ವಾಯರಿನಲ್ಲಿ, ಪ್ರತ್ಯಕ್ಷವಾಗುತ್ತದೆ. ಕೋಲಾ ಸುರಿಯುವವರ ಬಗ್ಗೆ ಏನು ಹೇಳಲಿ? ಅದರಲ್ಲಿ ಫಾಸ್ಫಾರಿಕ್ ಆಮ್ಲ ಇರುವುದು ನಿಜ. ಸಕ್ಕರೆ ಇರುವುದೂ ನಿಜ.

ಹಂತ 5: ಆಮ್ಲವನ್ನು ಹೊರಹಾಕುವುದು

ಅರೆಬರೆ ತೊಳೆದ ರೇಡಿಯೇಟರಿಗಿಂತ ಆಮ್ಲ ಉಳಿದ ರೇಡಿಯೇಟರ್ ಹೆಚ್ಚು ಅಪಾಯ. ಆಮ್ಲದ ಹಂತಕ್ಕೆ ಇಳಿದವರು ಇದಕ್ಕೆ ಅದರ ಎರಡರಷ್ಟು ತಾಳ್ಮೆ ಇಟ್ಟುಕೊಳ್ಳಬೇಕು.

ಮೊದಲು ಹೇರಳ ನೀರಿನಲ್ಲಿ ಆಮ್ಲವನ್ನು ಕೊಚ್ಚಿ ಕಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ತುಂಬಿ, ಐದು ನಿಮಿಷ ಪೋರ್ಟುಗಳನ್ನು ತೆರೆದೇ ಇಡಿ. ಪ್ಲಗ್ ಹಾಕಬಾರದು: ಆಮ್ಲದ ಅಂಶ ಉಳಿದಿದ್ದರೆ ಇಂಗಾಲದ ಡೈಆಕ್ಸೈಡ್ ಬಂದು ಒತ್ತಡ ಕಟ್ಟುತ್ತದೆ. ಪೋರ್ಟಿನ ಬಾಯಲ್ಲಿ ಗುಳ್ಳೆ ಏಳುತ್ತಿದ್ದರೆ ಮೊದಲ ತೊಳೆತ ಸಾಲದಾಗಿತ್ತು ಎಂದರ್ಥ. ಸೋಡಾವೂ ಒಂದು ಲವಣವೇ ಆದ್ದರಿಂದ ಅದನ್ನೂ ಪೂರ್ತಿ ತೊಳೆಯಬೇಕು.

ತಕ್ಕಡಿ ಕೆಲಸಕ್ಕೆ ಬರುವುದು ಇಲ್ಲಿ. ತೊಳೆಯುವ ಮೊದಲು ಒಣ ರೇಡಿಯೇಟರಿನ ತೂಕ ಬರೆದಿಟ್ಟುಕೊಂಡಿರಿ. ನೀರು ಚೆಲ್ಲಿದ ಮೇಲೆ, ಹೊರಗಿನ ಫಿನ್‌ಗಳ ತೇವವನ್ನು ಒದರಿ, ಮತ್ತೆ ತೂಗಿ. ವ್ಯತ್ಯಾಸ 30 ಗ್ರಾಂ ಬಂದರೆ ಸುಮಾರು 30 ಮಿಲಿಲೀಟರ್ ಹಳೆಯ ನೀರು ಇನ್ನೂ ಒಳಗಿದೆ. ರೇಡಿಯೇಟರ್ ಹಿಡಿಯುವುದು 300 ಮಿಲಿಲೀಟರ್ ಎಂದುಕೊಳ್ಳಿ. ಆಗ ಪೂರ್ತಿ ತುಂಬಿ ಮಾಡುವ ಪ್ರತಿ ತೊಳೆತದಲ್ಲಿ ಹಳೆಯದರ ಹತ್ತನೇ ಒಂದು ಪಾಲು ಉಳಿಯುತ್ತದೆ. ಮೂರು ತೊಳೆತಕ್ಕೆ ಸಾವಿರದಲ್ಲೊಂದು. ಅಂದರೆ ಇರುವ ನೀರನ್ನು ಒಂದೇ ಸಲ ಸುರಿಯುವುದಕ್ಕಿಂತ ಪಾಲು ಮಾಡಿ, ಪ್ರತಿ ಸಲ ಪೂರ್ತಿ ಬಸಿದು, ಮತ್ತೆ ತುಂಬುವುದರಲ್ಲಿ ಲಾಭವಿದೆ. ಬಸಿಯುವಾಗ ಪೋರ್ಟುಗಳನ್ನು ಕೆಳಗೆ ಮಾಡಿ, ಎಡಕ್ಕೂ ಬಲಕ್ಕೂ ವಾಲಿಸಿ ಕಾಯಿರಿ. ಕೊನೆಯ ಹನಿಗಳು ಬರಲು ಬಹಳ ಹೊತ್ತು ಹಿಡಿಯುತ್ತದೆ.

ಆಮ್ಲ ತೊಳೆದ ನೀರಿನಲ್ಲಿ ತಾಮ್ರ ಕರಗಿರುತ್ತದೆ. ಗಿಡಕ್ಕೆ, ಮೀನಿನ ತೊಟ್ಟಿಗೆ ಹೋಗದಂತೆ ನೋಡಿ. ಸೋಡಾ ಬೆರೆಸಿ, ಧಾರಾಳ ನೀರಿನೊಂದಿಗೆ ಬಚ್ಚಲಿಗೆ ಬಿಡಿ.

ಹಂತ 6: ಡಿಸ್ಟಿಲ್ಡ್ ವಾಟರ್ ಮತ್ತು ಪರೀಕ್ಷೆ

ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ಬಾರಿ ಅರ್ಧ ತುಂಬಿ, ಕುಲುಕಿ, ಬಸಿಯಿರಿ. ನಾಲ್ಕನೆಯ ಬಾರಿ ಪೂರ್ತಿ ತುಂಬಿ, ಪ್ಲಗ್ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿ, ಮೂಸಿ ನೋಡಿ. ಮನೆಯಲ್ಲಿ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಕ್ಯಾನಿನ ನೀರು ಮತ್ತು ಲೋಟದ ನೀರು ಎರಡನ್ನೂ ಅಳೆಯಿರಿ. ಒಂದೆರಡು ಅಂಕಿಯ ಏರಿಕೆ ಲೆಕ್ಕಕ್ಕಿಲ್ಲ. ಹತ್ತಿಪ್ಪತ್ತು ಏರಿದ್ದರೆ ಒಳಗೆ ಏನೋ ಇನ್ನೂ ಕರಗುತ್ತಿದೆ. ಹಂತ 3ಕ್ಕೆ ಮರಳಿ.

ಪಿಎಚ್ ಕಾಗದ ಅದ್ದಿ ಗಾಬರಿಯಾಗುವವರು ಬಹಳ. ಶುದ್ಧ ನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತಾನೇ ತಾನಾಗಿ 6ಕ್ಕಿಂತಲೂ ಕೆಳಗಿಳಿಯುತ್ತದೆ. ಕ್ಯಾನಿನ ನೀರಿಗೂ ಒಂದು ಕಾಗದ ಅದ್ದಿ, ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ವ್ಯತ್ಯಾಸ ಇಲ್ಲದಿದ್ದರೆ ನಿಶ್ಚಿಂತೆ.

ಹಂತ 7: ಒಣಗಿಸುವುದು, ಸೋರಿಕೆ ನೋಡುವುದು

ಅಂದೇ ಜೋಡಿಸುವುದಾದರೆ ಬಸಿದರೆ ಸಾಕು. ಒಳಗುಳಿದ ಒಂದಿಷ್ಟು ಡಿಸ್ಟಿಲ್ಡ್ ವಾಟರಿನಿಂದ ತೊಂದರೆಯಿಲ್ಲ. ಆದರೆ ತಯಾರಕರ ಹದಕ್ಕೇ ಬೆರೆಸಿ ಬಂದ ಕೂಲೆಂಟ್ ಹಾಕುವವರು ಅದು ತೆಳುವಾಗದಂತೆ ಇನ್ನಷ್ಟು ಹೊತ್ತು ಬಸಿಯಬೇಕು. ತೆಗೆದಿಡುವುದಾದರೆ ಪೋರ್ಟುಗಳನ್ನು ತೆರೆದು, ನೆರಳಿನಲ್ಲಿ, ಫ್ಯಾನ್ ಕೆಳಗೆ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ. ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿಕೊಂಡು ಬರುವ ಯೋಚನೆ ಬೇಡ. ಆ ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆಯ ಹನಿ ಇರುತ್ತದೆ, ಒತ್ತಡವೂ ರೇಡಿಯೇಟರ್ ತಾಳುವುದಕ್ಕಿಂತ ಬಹಳ ಹೆಚ್ಚು.

ಗಾಳಿ ಒತ್ತಡದ ಲೀಕ್ ಟೆಸ್ಟರ್ ಇದ್ದರೆ ರೇಡಿಯೇಟರ್ ಒಂದನ್ನೇ ಈಗ ಪರೀಕ್ಷಿಸಿಬಿಡಿ. ಅರ್ಧ ಬಾರ್ ಒತ್ತಡ, ಹದಿನೈದು ನಿಮಿಷ. ರೇಡಿಯೇಟರ್ ಕೋಣೆಯ ಉಷ್ಣತೆಗೆ ಇಳಿದಿರಬೇಕು. ಇನ್ನೂ ಬೆಚ್ಚಗಿದ್ದರೆ ಒಳಗಿನ ಗಾಳಿ ತಣಿದು ಕುಗ್ಗಿ ಮುಳ್ಳು ಕೆಳಗಿಳಿಯುತ್ತದೆ, ಇಲ್ಲದ ತೂತು ಹುಡುಕಿ ಸುಸ್ತಾಗುತ್ತೀರಿ. ಮುಳ್ಳು ನಿಜವಾಗಿಯೂ ಇಳಿಯುತ್ತಿದ್ದರೆ ಮೊದಲು ಪ್ಲಗ್ಗಿನ ಓ-ರಿಂಗನ್ನು ಅನುಮಾನಿಸಿ, ಬೆಸುಗೆಯನ್ನು ಆಮೇಲೆ.

ಮೊದಲ ಭರ್ತಿ

ಬಣ್ಣದ ಕೂಲೆಂಟನ್ನು ಮೊದಲ ದಿನವೇ ಸುರಿಯಬೇಡಿ. ಡಿಸ್ಟಿಲ್ಡ್ ವಾಟರ್ ತುಂಬಿ, ಕಂಪ್ಯೂಟರ್ ಆನ್ ಮಾಡದೆ ಪಂಪನ್ನಷ್ಟೇ ಒಂದು ದಿನ ಓಡಿಸಿ. ರಿಸರ್ವಾಯರಿನ ತಳಕ್ಕೆ ಟಾರ್ಚ್ ಹಿಡಿದು ನೋಡಿ: ಚೂರು, ನೊರೆ, ಮಸುಕು ಏನೂ ಇರಬಾರದು. ಆ ನೀರನ್ನು ಬಸಿಯುವಾಗಲೂ ಬಿಳಿ ಬಟ್ಟೆಯ ಮೇಲೇ ಬಸಿಯಿರಿ. ಲೂಪ್‌ನಲ್ಲಿ ಎರಡು ರೇಡಿಯೇಟರ್ ಇದ್ದು ಬಟ್ಟೆಯ ಮೇಲೆ ಮತ್ತೆ ಬೂದು ಗುಂಡು ಕಂಡರೆ ಎರಡನ್ನೂ ಬಿಚ್ಚಿ ಬೇರೆ ಬೇರೆ ಬಟ್ಟೆಯ ಮೇಲೆ ಬಸಿದು ನೋಡಿ, ಅಪರಾಧಿ ಯಾವುದೆಂದು ಆಗ ಗೊತ್ತಾಗುತ್ತದೆ. ಪ್ರೊಸೆಸರ್ ಬ್ಲಾಕನ್ನೂ ಒಮ್ಮೆ ತೆರೆದು ಸಂದುಗಳನ್ನು ಹಳೆಯ ಮೃದು ಟೂತ್‌ಬ್ರಷ್‌ನಿಂದ ಉಜ್ಜಿ, ಅದರ ರಬ್ಬರ್ ಗ್ಯಾಸ್ಕೆಟ್ ತನ್ನ ತೋಡಿನಲ್ಲೇ ಕೂತಿದೆಯೇ ಎಂದು ಖಾತ್ರಿ ಮಾಡಿಕೊಂಡು ಮುಚ್ಚಿ. ಆಮೇಲೆ ನಿಮ್ಮಿಷ್ಟದ ಬಣ್ಣ ಸುರಿಯಿರಿ.